ಕರೆಯುವವರು ಒಬ್ಬರು, ಕಾಯುವವರು ಯಾರು?

2019ರ ಜನವರಿ. ಆ ವರ್ಷ ನೋಡಲೇಬೇಕಾದ 52 ಜಾಗಗಳ ಪಟ್ಟಿಯನ್ನು ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿತ್ತು. ನಮ್ಮ ಹಂಪಿಗೆ ಎರಡನೇ ಸ್ಥಾನ. ನಾವು ಬಿಡ್ತೀವಾ? ಬ್ರೇಕಿಂಗ್ ನ್ಯೂಸ್! ಕಲ್ಲಿನ ರಥದ ದೃಶ್ಯ, ಹಿಂದೆ ಸಂಗೀತ, ಕನ್ನಡಿಗರು ಹೆಮ್ಮೆ ಪಡೋ ಕ್ಷಣ ಅಂತ ನಾನೇ ಓದಿದ್ದೆ.

ಒಂದು ತಿಂಗಳೂ ಕಳೆದಿರಲಿಲ್ಲ, ಇನ್ನೊಂದು ವಿಡಿಯೋ ಬಂತು. ಅದೇ ಹಂಪಿ. ದೇವಾಲಯವೊಂದರ ಆವರಣದಲ್ಲಿದ್ದ ಕಲ್ಲಿನ ಕಂಬವನ್ನು ಹುಡುಗರು ತಳ್ಳಿ ಕೆಡವುತ್ತಾರೆ. ಅದನ್ನೂ ನಾನೇ ಓದಿದೆ. ಕೋರ್ಟು ಆ ಹುಡುಗರಿಗೆ ತಲಾ 70 ಸಾವಿರ ರೂಪಾಯಿ ದಂಡ ಹಾಕಿತು. ಕೆಡವಿದ ಕೈಗಳಿಂದಲೇ ಕಂಬವನ್ನು ಎತ್ತಿ ನಿಲ್ಲಿಸಿದ್ದೂ ಆಯಿತು.

ಎರಡು ಸುದ್ದಿ, ಒಂದೇ ಊರು. ಮೊದಲನೇ ಸುದ್ದಿಗೆ ಬೆನ್ನು ತಟ್ಟಿಕೊಳ್ಳೋಕೆ ಎಲ್ಲರೂ ಇದ್ದರು. ಎರಡನೇ ಸುದ್ದಿಗೆ ಹುಡುಗರನ್ನು ಬಿಟ್ಟರೆ ಬೇರೆ ಯಾರೂ ಹೊಣೆ ಅಲ್ವಾ? ಉತ್ತರ ಬೇಕಿದ್ದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಂಪಿ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಇಲ್ಲಿನ ಅವಶೇಷಗಳ ಫೋಟೋ ತೆಗೆದ. 1900ರಲ್ಲಿ ರಾಬರ್ಟ್ ಸಿವೆಲ್ ವಿಜಯನಗರದ ಇತಿಹಾಸ ಬರೆದ. 1917ರಲ್ಲಿ ಎ.ಎಚ್. ಲಾಂಗ್‌ಹರ್ಸ್ಟ್ ಹಂಪಿಯ ಬಗ್ಗೆ ಸಚಿತ್ರ ಪುಸ್ತಕ ತಂದ. ಬಂದವರು ಕೈಯಲ್ಲಿ ಹಿಡಿದುಕೊಂಡು ಸುತ್ತಾಡಬಹುದಾದ ಕೈಪಿಡಿ ಅದು. ಆತ ಯಾರು ಗೊತ್ತಾ? ಪುರಾತತ್ವ ಇಲಾಖೆಯ ದಕ್ಷಿಣ ವಲಯದ ಮುಖ್ಯಸ್ಥ. ಅಂದ್ರೆ ಆ ಕಲ್ಲುಗಳನ್ನು ಕಾಯಬೇಕಾದ ಮನುಷ್ಯನೇ 'ಬನ್ನಿ, ನೋಡಿ' ಅಂತ ಜನರನ್ನು ಕರೆದ. ಬ್ರಿಟಿಷರ ಆಡಳಿತವನ್ನು ಹೊಗಳೋಕೆ ಇದನ್ನು ಹೇಳ್ತಿಲ್ಲ. ಆದರೆ ಕರೆಯುವವನೂ ಕಾಯುವವನೂ ಒಬ್ಬನೇ ಆಗಿದ್ದ ಅನ್ನೋದು ನಿಜ.

1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1971ರಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿತು. ಮಯೂರ ಹೆಸರಿನ ಹೋಟೆಲುಗಳು, ಟೂರ್ ಬಸ್ಸುಗಳು ಅದರ ಕೊಡುಗೆ. ಕಮಲಾಪುರದಲ್ಲಿ ಮಯೂರ ಭುವನೇಶ್ವರಿ ಬಂತು. 80ರ ದಶಕದಲ್ಲಿ ಎಂ.ಪಿ. ಪ್ರಕಾಶ್ ಹಂಪಿ ಉತ್ಸವ ಶುರು ಮಾಡಿದರು. 1986ರಲ್ಲಿ ಹಂಪಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ 'ಒಂದು ರಾಜ್ಯ, ಹಲವು ಜಗತ್ತು' ಅನ್ನೋ ಘೋಷವಾಕ್ಯ ಬಂತು. 2008ರಲ್ಲಿ ಐಷಾರಾಮಿ ರೈಲು ಬಂತು, ಗೋಲ್ಡನ್ ಚಾರಿಯಟ್. ಹೆಸರಿಗೆ ಸ್ಫೂರ್ತಿ ಹಂಪಿಯ ಕಲ್ಲಿನ ರಥ. ಕೊನೆಗೆ ಆ ರಥ 50 ರೂಪಾಯಿ ನೋಟಿನ ಮೇಲೂ ಕೂತಿತು.

ಇದೆಲ್ಲಾ ಒಳ್ಳೆಯ ಕೆಲಸವೇ. ಮಯೂರ ಹೋಟೆಲು ಇಲ್ಲದಿದ್ದರೆ ಎಷ್ಟೋ ಮಧ್ಯಮವರ್ಗದ ಕುಟುಂಬಗಳು ಬಾದಾಮಿಯನ್ನಾಗಲಿ ಹಂಪಿಯನ್ನಾಗಲಿ ನೋಡ್ತಾನೇ ಇರಲಿಲ್ಲ. ನನ್ನ ತಕರಾರು ಇರೋದು ಬೇರೆ ಕಡೆ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಮೊದಲು ಕಲಿಸೋದು ಇಷ್ಟೇ: ಏನೇ ಕಟ್ಟಿದರೂ ಅದು ಎಷ್ಟು ಭಾರ ಹೊರುತ್ತೆ ಅನ್ನೋ ಲೆಕ್ಕ ಮೊದಲು, ಉದ್ಘಾಟನೆ ಆಮೇಲೆ. ಹಂಪಿಯಲ್ಲಿ ಉದ್ಘಾಟನೆಗಳು ಸಾಲಾಗಿ ನಡೆದವು. ಎಷ್ಟು ಜನ ಬಂದರು ಅನ್ನೋ ಲೆಕ್ಕ ಪ್ರತಿ ವರ್ಷ ಹೇಳ್ತಾರೆ. ಎಷ್ಟು ಜನ ಬರಬಹುದು, ಅದನ್ನು ಹೇಳೋರು ಯಾರು?

ಯಾಕೆ ಅಂದ್ರೆ ಹಂಪಿಗೆ ಯಜಮಾನರು ಒಬ್ಬರಲ್ಲ. ಕೆಲವು ಸ್ಮಾರಕ ಕೇಂದ್ರದ ಪುರಾತತ್ವ ಇಲಾಖೆಗೆ, ಕೆಲವು ರಾಜ್ಯದ ಇಲಾಖೆಗೆ. ವಿರೂಪಾಕ್ಷನ ಪೂಜೆ ಮುಜರಾಯಿಗೆ, ಕಸ ಪಂಚಾಯಿತಿಗೆ. ಹೊಳೆಯ ಈಚೆ ದಡ ಒಂದು ಜಿಲ್ಲೆ, ಆಚೆ ದಡದ ಆನೆಗೊಂದಿ ಇನ್ನೊಂದು ಜಿಲ್ಲೆ. ಜಾಹೀರಾತು ಮಾತ್ರ ಪ್ರವಾಸೋದ್ಯಮದವರದ್ದು.

ಹೀಗಿದ್ದಾಗ ಏನಾಗುತ್ತೆ ನೋಡಿ. ತುಂಗಭದ್ರೆಗೆ ಅಡ್ಡಲಾಗಿ ಆನೆಗೊಂದಿ ಬಳಿ ಸೇತುವೆ ಕಟ್ಟೋಕೆ ಹೊರಟರು. ಸ್ಮಾರಕಗಳ ನಡುವೆ ದೊಡ್ಡ ವಾಹನಗಳ ದಾರಿ ಆಗುತ್ತೆ ಅಂತ 1999ರಲ್ಲಿ ಯುನೆಸ್ಕೋ ಹಂಪಿಯನ್ನು 'ಅಪಾಯದಲ್ಲಿರುವ ತಾಣ'ಗಳ ಪಟ್ಟಿಗೆ ಹಾಕಿತು. ಮಾನ ಹೋಯಿತು. ಆಗ ಎಚ್ಚೆತ್ತ ಸರ್ಕಾರ 2002ರ ಕಾಯ್ದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಮಾಡಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ, ಕಾಮಗಾರಿ ನಡೆಯುತ್ತಿದ್ದಾಗಲೇ ಸೇತುವೆ ಕುಸಿಯಿತು. ಕೂಲಿಗೆ ಬಂದಿದ್ದ ಕಾರ್ಮಿಕರು ಸತ್ತರು.

ಇನ್ನು ಹಂಪಿ ಬಜಾರು. ವಿರೂಪಾಕ್ಷ ದೇವಾಲಯದ ಮುಂದೆ ಉದ್ದಕ್ಕೆ ಚಾಚಿದ ಬೀದಿ, ಎರಡೂ ಕಡೆ ಕಲ್ಲಿನ ಮಂಟಪಗಳು. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸರು ಬೆರಗಾಗಿದ್ದು ಈ ನಗರದ ಇಂಥ ಬೀದಿಗಳನ್ನು ಕಂಡೇ. ಆ ಮಂಟಪಗಳಲ್ಲಿ ದಶಕಗಳಿಂದ ಜನ ವಾಸ ಇದ್ದರು. ಪ್ರವಾಸಿಗರು ಹೆಚ್ಚಾದ ಹಾಗೆ ಟೀ ಅಂಗಡಿ, ಊಟದ ಹೋಟೆಲು, ಬಾಡಿಗೆ ಕೋಣೆ. ಕರೆದದ್ದು ಸರ್ಕಾರ, ಬಂದವರಿಗೆ ಅನ್ನ ಹಾಕಿದ್ದು ಇವರು. ವರ್ಷಗಟ್ಟಲೆ ಯಾರೂ ತಡೀಲಿಲ್ಲ. 2011ರ ಜುಲೈ ಕೊನೆಯಲ್ಲಿ ಒಂದು ಸಂಜೆ ಡಂಗುರ ಸಾರಿದರು, ಮಾರನೇ ದಿನ ಬುಲ್ಡೋಜರ್ ಬಂತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಪುನರ್ವಸತಿಗೆ ಕಡ್ಡಿರಾಂಪುರದ ಬಳಿ ಜಾಗ ತೋರಿಸಿದರು.

ಸ್ಮಾರಕದೊಳಗೆ ಅಂಗಡಿ ಇರಬೇಕಾ? ಬೇಡ, ನಾನೂ ಒಪ್ತೀನಿ. ಪುರಾತನ ಮಂಟಪಕ್ಕೆ ಇಟ್ಟಿಗೆ ಗೋಡೆ ಕಟ್ಟೋದು ತಪ್ಪೇ. ಆದರೆ ಮೊದಲ ಗೋಡೆ ಎದ್ದ ದಿನ ಬಾರದ ಅಧಿಕಾರಿ, ಮುನ್ನೂರು ಸಂಸಾರ ಬೇರೂರಿದ ಮೇಲೆ ಒಂದೇ ರಾತ್ರಿಯ ನೋಟಿಸು ಕೊಟ್ಟು ಬಂದರೆ ಅದನ್ನು ನಿರ್ವಹಣೆ ಅಂತಾರಾ?

ಅದರಿಂದ ಪಾಠ ಕಲಿತೆವಾ? ಹೊಳೆಯ ಆಚೆ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ಎದ್ದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಅವನ್ನೂ ಕೆಡವಿದರು. ಬರೋ ಜನ ನಿಂತರಾ? ಇಲ್ಲ. ಸಾಣಾಪುರದ ಕಡೆ ಹೊಸ ಹೋಂಸ್ಟೇಗಳು ಎದ್ದವು. 2025ರ ಮಾರ್ಚ್‌ನ ಒಂದು ರಾತ್ರಿ ಅಲ್ಲಿನ ಕಾಲುವೆ ದಡದಲ್ಲಿ ಕೂತಿದ್ದವರ ಮೇಲೆ ದಾಳಿ ನಡೆಯಿತು. ವಿದೇಶಿ ಪ್ರವಾಸಿಯೊಬ್ಬರ ಮೇಲೆ, ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರವಾಯಿತು. ನೀರಿಗೆ ತಳ್ಳಲ್ಪಟ್ಟವರಲ್ಲಿ ಒಬ್ಬ ಪ್ರವಾಸಿ ಪ್ರಾಣ ಕಳೆದುಕೊಂಡ. ಅಪರಾಧ ಮಾಡಿದವರು ಅಪರಾಧಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅತಿಥಿಗಳು ಎಲ್ಲಿ ಉಳಿಯುತ್ತಾರೆ, ಅಲ್ಲಿ ದೀಪ ಇದೆಯಾ, ಪೊಲೀಸ್ ಗಸ್ತು ಇದೆಯಾ ಅಂತ ಕೇಳೋದು ಆತಿಥೇಯನ ಕೆಲಸ ಅಲ್ವಾ?

ಇದೇ ರಾಜ್ಯದಲ್ಲಿ ಬೇರೆ ದಾರಿಯೂ ಇದೆ. 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿತು. ಕಬಿನಿಯಲ್ಲಿ ಮೈಸೂರು ಮಹಾರಾಜರ ಬೇಟೆಯ ತಂಗುದಾಣವಾಗಿದ್ದ ಜಾಗದಲ್ಲಿ ಅತಿಥಿಗೃಹ ತೆರೆಯಿತು. ಅಲ್ಲಿ ಕೋಣೆ ಇಷ್ಟೇ, ಕಾಡಿಗೆ ಹೋಗೋ ಜೀಪು ಇಷ್ಟೇ. ಸೀಟು ತುಂಬಿದರೆ ತುಂಬಿತು, ಯಾರ ಶಿಫಾರಸು ತಂದರೂ ಹುಲಿಯ ಮನೆ ದೊಡ್ಡದಾಗಲ್ಲ. ಕಾಡಿಗೆ ಗೇಟು ಇದೆ, ಹಂಪಿ ಜನ ಬಾಳೋ ಊರು, ಎರಡೂ ಒಂದೇ ಅಲ್ಲ ಅಂತೀರಿ. ಸರಿ. ಹಾಗಿದ್ದರೆ ಹಂಪಿಯ ಲೆಕ್ಕದಲ್ಲಿ ಅಲ್ಲಿನ ಜನರೂ ಸೇರಬೇಕು ಅಷ್ಟೇ. ಯಾವ ಸ್ಮಾರಕಕ್ಕೆ ದಿನಕ್ಕೆ ಎಷ್ಟು ಜನ, ಯಾವ ಊರಲ್ಲಿ ಎಷ್ಟು ಕೋಣೆ, ನೀರೆಷ್ಟು, ಕಾವಲುಗಾರರೆಷ್ಟು, ಮೊದಲು ಬರೆದು ಗೋಡೆಗೆ ಅಂಟಿಸಲಿ. ಜಾಹೀರಾತು ಆಮೇಲೆ ಬರಲಿ. ಆ ಲೆಕ್ಕ ಹಾಕೋ ಮೇಜಿನ ಸುತ್ತ ಬಜಾರಿನಿಂದ ಎಬ್ಬಿಸಿದವರಿಗೂ ಒಂದು ಕುರ್ಚಿ ಇರಲಿ.

ನಮ್ಮ ಕಡೆ ಮದುವೆಗೆ ಕರೆಯೋ ಮೊದಲು ಅಕ್ಕಿ ಎಷ್ಟಿದೆ ಅಂತ ನೋಡ್ಕೊಳ್ತಾರೆ. ಇಡೀ ಜಗತ್ತಿಗೆ ಕರೆಯೋಲೆ ಕೊಡೋ ಸರ್ಕಾರಕ್ಕೆ ಅಷ್ಟಾದರೂ ಬೇಡ್ವಾ? ಮುಂದಿನ ಸಲ ಹಂಪಿ ಯಾವುದಾದರೂ ಪಟ್ಟಿಗೆ ಸೇರಿದಾಗ ನಾನು ಮತ್ತೆ ಸುದ್ದಿ ಓದ್ತೀನಿ, ಖುಷಿಯಿಂದಲೇ ಓದ್ತೀನಿ. ಆದರೆ ಅದರ ಜೊತೆ ಈ ಪ್ರಶ್ನೆಯನ್ನೂ ಓದ್ತೀನಿ. ಕರೆದಿದ್ದೀರಿ, ಸಂತೋಷ. ಕಾಯೋರು ಯಾರು?