ನೇರ ಕೊರೆತದ ತಟ್ಟೆಗಳು ಮತ್ತು ಮೈಸೂರು ಅರಸರು

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಕಛೇರಿಗೆ 4,800 ಡಾಲರ್ ಖಾತರಿ ಕೊಟ್ಟವರು ಮೈಸೂರಿನ ಅರಸ ಜಯಚಾಮರಾಜ ಒಡೆಯರು. ತಾವು ಹೋಗಲಾಗದ ಆ ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆಗಲೇ ಅವರ ಸಂಗ್ರಹದಲ್ಲಿ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವೆಂಬ ಅಂದಾಜಿದೆ.

ಮುದ್ರಣ ನಡೆದದ್ದು ಅಸಿಟೇಟ್ ತಟ್ಟೆಗಳ ಮೇಲೆ, ನೇರವಾಗಿ. ನಡುವೆ ಟೇಪು ಇಲ್ಲ. ಗಾಯಕಿ ಹಾಡುತ್ತಿರುವಾಗಲೇ ಮೊನೆ ತಟ್ಟೆಯ ಮೇಲೆ ಗೀರು ಕೊರೆಯುತ್ತದೆ.

ಟೇಪು ಬರುವವರೆಗೆ ತಟ್ಟೆಗಳೆಲ್ಲ ಹುಟ್ಟುತ್ತಿದ್ದದ್ದು ಹೀಗೆಯೇ. 1902ರ ನವೆಂಬರಿನಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರನ್ನು ಮುದ್ರಿಸಿದಾಗ ಮೈಕ್ರೊಫೋನೂ ಇರಲಿಲ್ಲ. ಕಹಳೆಯೊಳಗೆ ಹಾಡಿದ ದನಿಯ ಬಲವೇ ಪೊರೆಯನ್ನು ಅಲುಗಿಸಿ ಮೇಣವನ್ನು ಕೊರೆಯಿತು. ಕೊನೆಗಾಲದಲ್ಲಿ ಮೈಸೂರು ಆಸ್ಥಾನ ಸೇರಿದ ಆ ಗಾಯಕಿ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. 1925ರಲ್ಲಿ ವಿದ್ಯುತ್ ಮುದ್ರಣ ಬಂದಾಗ ತಗ್ಗು ಮತ್ತು ಏರು ಸ್ವರಗಳು ಹೆಚ್ಚು ಸ್ಪಷ್ಟವಾದವು. ಆದರೆ ಮೇಣ ಬಹಳ ಮೃದು, ಮುಳ್ಳು ಇಟ್ಟು ಕೇಳಿದರೆ ಗೀರು ಕೆಡುತ್ತಿತ್ತು. ಆದ್ದರಿಂದ ಅದನ್ನು ನುಡಿಸದೆ, ಲೋಹ ಲೇಪಿಸಿ ಅಚ್ಚು ತೆಗೆದು, ಆ ಅಚ್ಚಿನಿಂದ ಪ್ರತಿಗಳನ್ನು ಒತ್ತುತ್ತಿದ್ದರು.

ಒಡೆಯರ ಇನ್ನೊಂದು ಆಸಕ್ತಿ ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್. ಅರಸರ ಹಣದಿಂದ ಸ್ಥಾಪನೆಯಾದ ಮೆಟ್ನರ್ ಸೊಸೈಟಿಗಾಗಿ ಧ್ವನಿಮುದ್ರಣ ಕಂಪನಿ ಎಚ್‌ಎಂವಿ 1947ರಲ್ಲಿ ಅವರ ಮೂರೂ ಪಿಯಾನೊ ಕಂಚರ್ಟೊಗಳನ್ನು ಮುದ್ರಿಸಿತು. ಪಿಯಾನೊ ನುಡಿಸಿದವರು ಸ್ವತಃ ಮೆಟ್ನರ್. ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ನಾಲ್ಕು ನಿಮಿಷದಷ್ಟು ಸಂಗೀತ. ಒಂದು ಸ್ವರ ತಪ್ಪಿದರೂ ಅಳಿಸಿ ತಿದ್ದುವಂತಿರಲಿಲ್ಲ, ಆ ಬದಿಯನ್ನು ಮೊದಲಿನಿಂದ ನುಡಿಸಬೇಕಿತ್ತು. ಮೆಟ್ನರ್ ಮೂರನೆಯ ಕಂಚರ್ಟೊವನ್ನು ಒಡೆಯರಿಗೇ ಅರ್ಪಿಸಿದರು. ಲೋಹದ ಅಚ್ಚುಗಳಿಂದ ಒತ್ತಿದ ಈ ಮುದ್ರಣಗಳು ಮುಂದೆ ಸಿಡಿಗಳಾಗಿಯೂ ಹೊರಬಂದವು.

ಸ್ಟ್ರಾಸ್ ಹಾಡುಗಳ ತಟ್ಟೆಗಳು ಅಷ್ಟು ಚೆನ್ನಾಗಿ ಉಳಿಯಲಿಲ್ಲ. ಅಸಿಟೇಟನ್ನು ಕೊರೆದ ಕೂಡಲೇ ನುಡಿಸಬಹುದು. ಆದರೆ ಅದರ ಮೃದುವಾದ ಮೆರುಗೆಣ್ಣೆ ಪದರವನ್ನು ಮುಳ್ಳು ಪ್ರತಿ ಸಲವೂ ಸವೆಸುತ್ತದೆ. ಮೊದಲ ಎಲ್‌ಪಿ ಮಾಡುವ ಹೊತ್ತಿಗೆ ಆ ತಟ್ಟೆಗಳು ತೀರ ಸವೆದಿದ್ದವು, ಎಲ್‌ಪಿಯ ಧ್ವನಿಯೂ ಕಳಪೆಯಾಗಿತ್ತು. 2007ರಲ್ಲಿ ರೋಜರ್ ಬಿಯರ್ಡ್‌ಸ್ಲಿ, 2014ರಲ್ಲಿ ಆಂಡ್ರ್ಯೂ ರೋಸ್ ಡಿಜಿಟಲ್ ವಿಧಾನದಿಂದ ಆ ಮುದ್ರಣದ ಧ್ವನಿಯನ್ನು ಸುಧಾರಿಸಿದರು.

ನೇರ ಕೊರೆತ ಮಾತ್ರವೇ ಧ್ವನಿಯ ಗುಣವನ್ನು ನಿರ್ಧರಿಸುವುದಿಲ್ಲ, ಕೊರೆದ ತಟ್ಟೆಯನ್ನು ಆಮೇಲೆ ಹೇಗೆ ಬಳಸಿದರು ಎಂಬುದೂ ಅಷ್ಟೇ ಮುಖ್ಯ ಎಂಬುದಕ್ಕೆ ಮೈಸೂರಿನ ನಂಟಿನ ಈ ಎರಡು ಪ್ರಕರಣಗಳೇ ಸಾಕ್ಷಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಶೆಫೀಲ್ಡ್ ಲ್ಯಾಬ್ ಟೇಪಿನ ಸರಸರ ಸದ್ದು ಮತ್ತು ವೇಗದ ಏರಿಳಿತಗಳನ್ನು ತಪ್ಪಿಸಲು ಮತ್ತೆ ನೇರ ಕೊರೆತಕ್ಕೆ ಮರಳಿತು. ಎಲ್‌ಪಿಯ ಇಡೀ ಬದಿಯನ್ನು ಕಲಾವಿದರು ಒಂದೇ ಉಸಿರಿಗೆ ನುಡಿಸಬೇಕಿತ್ತು. ಕೊರೆದ ಮೂಲ ತಟ್ಟೆಗೆ ಮುಳ್ಳು ತಾಗಿಸದೆ ಲೋಹ ಲೇಪಿಸುತ್ತಿದ್ದರು. ಅದರಿಂದ ಸಿಗುವ ಅಚ್ಚುಗಳು ಸವೆದ ಮೇಲೆ, ಅದೇ ಗೋಷ್ಠಿಯ ನೇರ ಕೊರೆತದ ಪ್ರತಿಗಳನ್ನು ಮತ್ತೆ ಒತ್ತುವಂತಿರಲಿಲ್ಲ.