ಮಾತು ಬಾರದ ಮಗುವಿನ ಕಣ್ಣೇ ಸಾಕ್ಷಿ

1/6
ಫ್ರೆಂಡ್ಸ್, ಈ ಸಲದ ಹಿಸ್ಟರಿ ಸೀರೀಸ್ ರಾಜರದ್ದಲ್ಲ, ಕೋಟೆದೂ ಅಲ್ಲ. ಅಕ್ಕ ಬಾಣಂತನಕ್ಕೆ ನಮ್ಮ ಆರ್‌ಪಿಸಿ ಲೇಔಟ್ ಮನೆಗೆ ಬಂದಿದ್ದಾಳೆ. ಒಂದು ರಾತ್ರಿ ಎರಡು ಗಂಟೆಗೆ ಮಗು ನನ್ನ ಕೈಲಿತ್ತು. ಏನ್ ಮಾಡಿದ್ರೂ ಅಳು ನಿಲ್ಲಲಿಲ್ಲ. ಒಂದು ಕ್ಷಣ ನಂಗೆ ಸಿಟ್ಟು ಬಂತು, ನಿಜ ಹೇಳ್ತೀನಿ. ಮಗುನ ಅಮ್ಮನಿಗೆ ಕೊಟ್ಟು ಆಚೆ ಹೋಗಿ ನಿಂತೆ. ಆ ಸಿಟ್ಟು ಎಲ್ಲಿವರೆಗೆ ಹೋಗಬಹುದು ಅಂತ ಆಮೇಲೆ ಓದಿದೆ.

2/6
2012ರ ಏಪ್ರಿಲ್. ನಮ್ಮ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಮೂರು ತಿಂಗಳ ಹೆಣ್ಣು ಮಗು ತೀರಿಕೊಂಡಿತು. ಹಿಂಸಿಸಿದ ಆರೋಪದ ಮೇಲೆ ಅಪ್ಪನೇ ಅರೆಸ್ಟ್ ಆದ. ಗಂಡು ಮಗು ಬೇಕಿತ್ತಂತೆ. ಅಲ್ಲಿ ಗಾಯ ಮೈಮೇಲೇ ಇತ್ತು. ಆದರೆ ಹೊರಗೆ ಒಂದು ಗೀರೂ ಕಾಣದೇ ಇದ್ರೆ? ಮಗು ಹೇಳೋಕಾಗಲ್ಲ, ದೊಡ್ಡವರು "ಮಂಚದಿಂದ ಬಿತ್ತು" ಅಂತಾರೆ. ಆಗ ಕಣ್ಣಿನ ಡಾಕ್ಟರ್ ಬೇಕು.

3/6
1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಆಫ್ತಾಲ್ಮೋಸ್ಕೋಪ್ ಮಾಡಿದ. ಬದುಕಿರುವವರ ಕಣ್ಣಿನೊಳಗಿನ ರೆಟಿನಾ ನೋಡೋದು ಸಾಧ್ಯವಾಯ್ತು. 1946ರಲ್ಲಿ ಅಮೆರಿಕದ ಎಕ್ಸ್‌ರೇ ತಜ್ಞ ಜಾನ್ ಕ್ಯಾಫಿ, ತಲೆಯೊಳಗೆ ರಕ್ತಸ್ರಾವ ಮತ್ತು ಕೈಕಾಲು ಮೂಳೆ ಮುರಿತ ಎರಡೂ ಇದ್ದ 6 ಶಿಶುಗಳ ಬಗ್ಗೆ ಬರೆದ. 1971ರಲ್ಲಿ ಬ್ರಿಟನ್ನಿನ ನರಶಸ್ತ್ರಚಿಕಿತ್ಸಕ ನಾರ್ಮನ್ ಗತ್‌ಕೆಲ್ಚ್, ಹೊಡೀದೆ ಬರೀ ಜೋರಾಗಿ ಅಲುಗಾಡಿಸಿದರೂ ಹೀಗಾಗಬಹುದು ಅಂದ. 1974ರಲ್ಲಿ ಕ್ಯಾಫಿ ತನ್ನ ಲೇಖನದ ಶೀರ್ಷಿಕೆಯಲ್ಲೇ ಕಣ್ಣೊಳಗಿನ ರಕ್ತಸ್ರಾವವನ್ನೂ ಸೇರಿಸಿದ.

4/6
ಹೇಗಾಗುತ್ತೆ? ಶಿಶುವಿನ ತಲೆ ಭಾರ, ಕತ್ತು ಮೆತ್ತಗೆ. ಕಣ್ಣೊಳಗಿನ ಜೆಲ್ಲಿಯಂಥ ದ್ರವ ರೆಟಿನಾಗೆ ಬಿಗಿಯಾಗಿ ಅಂಟಿರುತ್ತೆ. ಹಿಡಿದು ಹಿಂದೆ ಮುಂದೆ ಜೋರಾಗಿ ಆಡಿಸಿದಾಗ ಅದು ರೆಟಿನಾನ ಎಳೆಯುತ್ತೆ, ಪದರ ಪದರದಲ್ಲಿ ರಕ್ತ ಒಸರುತ್ತೆ. ಡಾಕ್ಟರ್ ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿಸಿ, ರಕ್ತದ ಚುಕ್ಕೆ ಎಷ್ಟು, ಯಾವ ಪದರದಲ್ಲಿ, ರೆಟಿನಾದ ಅಂಚಿನವರೆಗೂ ಇದೆಯಾ ಅಂತ ನೋಡಿ ಬರೆದಿಡ್ತಾರೆ. (ತೊಡೆ ಮೇಲೆ ಕೂರಿಸಿ ಮೆಲ್ಲಗೆ ಆಡಿಸೋದ್ರಿಂದ ಹೀಗಾಗಲ್ಲ, ಹೆದರಬೇಡಿ.)

5/6
ಆದರೆ ರಕ್ತ ಕಂಡ ತಕ್ಷಣ ಯಾರನ್ನೋ ಅಪರಾಧಿ ಅನ್ನೋ ಹಾಗಿಲ್ಲ. ನಾರ್ಮಲ್ ಡೆಲಿವರಿಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳ ರೆಟಿನಾದಲ್ಲೂ ಚುಕ್ಕೆ ಇರುತ್ತೆ, ಹೆಚ್ಚಿನವು ಕೆಲವು ವಾರದಲ್ಲಿ ಮಾಯ. ರಕ್ತ ಹೆಪ್ಪುಗಟ್ಟದ ಕಾಯಿಲೆ, ಲ್ಯುಕೇಮಿಯಾ ಇದ್ರೂ ಬರಬಹುದು. ಗತ್‌ಕೆಲ್ಚ್ ಸ್ವತಃ 2012ರಲ್ಲಿ, ಬೇರೆ ಕಾರಣ ಹುಡುಕದೆ ತೀರ್ಮಾನಕ್ಕೆ ಬರಬೇಡಿ ಅಂತ ಎಚ್ಚರಿಸಿದ. 2009ರಲ್ಲೇ ಅಮೆರಿಕದ ಮಕ್ಕಳ ತಜ್ಞರ ಸಂಘ "ಅಲುಗಾಡಿಸಿದ" ಅನ್ನೋ ಹಳೇ ಹೆಸರು ಬಿಟ್ಟು "ಹಿಂಸೆಯಿಂದಾದ ತಲೆಪೆಟ್ಟು" ಅನ್ನೋ ಹೆಸರು ಬಳಸಿ ಅಂದಿತ್ತು.
ಬಿಕಾಂನವರೇ, ನಮ್ಮ ಆಡಿಟಿಂಗ್ ಪಾಠ ನೆನಪಿದೆಯಾ? ಆಡಿಟರ್ ಕಾವಲುನಾಯಿ, ಬೇಟೆನಾಯಿ ಅಲ್ಲ. ಕಣ್ಣಿನ ಡಾಕ್ಟರ್ ಕೂಡ ಹಾಗೇ. ಮನೆಯವರು ಹೇಳಿದ ಕಥೆಗೂ ರೆಟಿನಾಗೂ ತಾಳೆ ಆಗ್ತಿಲ್ಲ ಅಂತ ಹೇಳಬಹುದು. ಯಾರು ಮಾಡಿದ್ದು ಅನ್ನೋದು ಪೊಲೀಸ್, ಕೋರ್ಟ್ ಕೆಲಸ.

6/6
ನಮ್ಮ ಕಾರ್ಡ್ ರೋಡಲ್ಲೇ ಮುಂದೆ ಹೋದ್ರೆ ರಾಜಾಜಿನಗರದ ನಾರಾಯಣ ನೇತ್ರಾಲಯ. ಅವಧಿಗೆ ಮುಂಚೆ ಹುಟ್ಟಿದ ಹಳ್ಳಿ ಮಕ್ಕಳ ರೆಟಿನಾ ಫೋಟೊ ತೆಗೆದು ಇಂಟರ್‌ನೆಟ್‌ನಲ್ಲಿ ಡಾಕ್ಟರಿಗೆ ಕಳಿಸೋ ಕಿಡ್‌ರಾಪ್ ಯೋಜನೆಯನ್ನ 2008ರಲ್ಲಿ ಶುರು ಮಾಡಿದ್ದು ಇವರೇ. ಅದರ ಉದ್ದೇಶ ಬೇರೆ, ಕುರುಡುತನ ತಡೆಯೋದು. ಆದರೆ ಅಂಥದೇ ಕ್ಯಾಮೆರಾ ತಲೆಪೆಟ್ಟಿನ ಕೇಸಲ್ಲೂ ದಾಖಲೆ ಇಡುತ್ತೆ. ಚುಕ್ಕೆ ಮಾಯವಾದ್ರೂ ಫೋಟೊ ಉಳಿಯುತ್ತೆ.
ಅಳು ನಿಲ್ಲದೆ ಸಿಟ್ಟು ಬಂದ್ರೆ ಮಗುನ ಬೆನ್ನ ಮೇಲೆ ಸುರಕ್ಷಿತವಾಗಿ ಮಲಗಿಸಿ, ಐದು ನಿಮಿಷ ಆಚೆ ಬನ್ನಿ, ಯಾರನ್ನಾದ್ರೂ ಕರೀರಿ. ಅತ್ತು ಮಗುಗೆ ಏನೂ ಆಗಲ್ಲ. ಪಕ್ಕದ ಮನೇಲಿ ಅನುಮಾನ ಬಂದ್ರೆ 1098. ಮನೇಲಿ ಪಾಪು ಇರೋ ಫ್ರೆಂಡ್‌ಗೆ ಇದನ್ನ ಕಳಿಸಿ.