ಬಲವಂತದ ಉಸಿರು

ಭೀಮೆಯ ದಂಡೆಯ ಘತ್ತರಗಿಗೆ ಜಾತ್ರೆಯ ಬಂಡಿ ಹೂಡಿದವರು ಬಲ್ಲರು: ಬಾರುಕೋಲು ಬೀಸಿದರೆ ಎತ್ತುಗಳೇನೋ ಓಡಿಯಾವು, ಬಂಡಿಯ ಅಚ್ಚು ತಾಳಬೇಕಲ್ಲ! ಇಂಗ್ಲೆಂಡಿನ ಬೆಂಟ್ಲಿ ಕಾರಿನ ಚರಿತ್ರೆಯಲ್ಲಿ ಇದೇ ಮಾತು ವಿರಸಕ್ಕೆ ಕಾರಣವಾಯಿತು.

ಪಂದ್ಯಗಾರ ಟಿಮ್ ಬರ್ಕಿನ್‌ನಿಗೆ ವೇಗದ ಹಂಬಲ. ನಾಲ್ಕೂವರೆ ಲೀಟರಿನ ಎಂಜಿನ್ನಿಗೆ ಸೂಪರ್‌ಚಾರ್ಜರ್ ಜೋಡಿಸಿ, ಗಾಳಿಯನ್ನು ಒತ್ತಿ ತುಂಬಬೇಕೆಂದು ಅವನ ಹಟ. ಎಂಜಿನ್ನನ್ನೇ ಹಿರಿದುಮಾಡುವುದು ಲೇಸೆಂದು ಅದರ ಜನಕ ಡಬ್ಲ್ಯು. ಓ. ಬೆಂಟ್ಲಿಯ ವಾದ. ಡೊರೊತಿ ಪ್ಯಾಜೆಟ್ ಎಂಬ ಸಿರಿವಂತೆ ಹಣವಿತ್ತಳು. ಬರ್ಕಿನ್‌ನ ಹಟ ಗೆದ್ದಿತು. ಪಂದ್ಯದ ಕಾರಿನ ಬಲ 130 ಅಶ್ವಶಕ್ತಿಯಿಂದ 240ಕ್ಕೆ ಏರಿತು. ಆದರೆ ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು. ಒತ್ತಡ, ಕಾವುಗಳೂ ಏರುತ್ತವೆ. ಪಿಸ್ಟನ್ನು, ಕವಾಟಗಳಾದರೋ ಲೋಹದವೇ ತಾನೆ!

1930ರ ಜೂನ್. ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆಗಳ ಓಟ. ಟೈರಿನ ಮೇಲ್ಪದರ ಕಿತ್ತು ಹಾರುತ್ತಿದ್ದರೂ ಬರ್ಕಿನ್ ಕರಾಚಿಯೋಲಾನ ಮರ್ಸಿಡಿಸನ್ನು ಹಿಂದಿಕ್ಕಿದ. ಇರುಳಿನಲ್ಲಿ ಮರ್ಸಿಡಿಸ್ ಕೆಟ್ಟು ನಿಂತಿತು. ಮರುದಿನ ಬರ್ಕಿನ್‌ನ ಎಂಜಿನ್ನೂ ಕೈಕೊಟ್ಟಿತು. ಗೆದ್ದದ್ದು ಬೆಂಟ್ಲಿಯವರದೇ, ಸೂಪರ್‌ಚಾರ್ಜರ್ ಇಲ್ಲದ, ಆರೂವರೆ ಲೀಟರಿನ ಕಾರು.

ನ್ಯಾಯ ಬೆಂಟ್ಲಿಯ ಕಡೆಗಿತ್ತು, ನಿಜ. ಆದರೂ ನನ್ನ ಮನಸ್ಸು ಬರ್ಕಿನ್‌ನತ್ತಲೇ ವಾಲುತ್ತದೆ. 1931ರಲ್ಲಿ ಕಂಪನಿಯೇ ರೋಲ್ಸ್-ರಾಯ್ಸ್ ಪಾಲಾಯಿತು. ಬರ್ಕಿನ್ ಓಡಿಸಿದ ಸೂಪರ್‌ಚಾರ್ಜರ್ ಬೆಂಟ್ಲಿಯೊಂದು 2012ರ ಹರಾಜಿನಲ್ಲಿ 50 ಲಕ್ಷ ಪೌಂಡಿಗೂ ಮಿಕ್ಕಿ ಬೆಲೆ ಪಡೆಯಿತು.